ಸೀನಿದ ಮೇಲೆ ನುಂಗುವವರು

ನನಗೆ ಸಿಟ್ಟು ಜಾಸ್ತಿ ಅಂತ ನಮ್ಮನೆಯವರು ಹೇಳುತ್ತಾರೆ. ಶುದ್ಧ ಸುಳ್ಳು. ನನ್ನ ಸಿಟ್ಟು ಎಲ್ಲರಿಗಿರುವಷ್ಟೇ. ಸಿಟ್ಟು ಬರಿಸುವ ಜನ ಮಾತ್ರ ನನ್ನ ಪಾಲಿಗೆ ಸ್ವಲ್ಪ ಹೆಚ್ಚು. ಅದರಲ್ಲೂ ಮಾರ್ಚ್ ಶುರುವಾದರೆ ಜೂನ್ ಮುಗಿಯುವವರೆಗೆ ದಿನಕ್ಕೊಬ್ಬರಾದರೂ ಮೂಗು ಒರೆಸಿಕೊಳ್ಳುತ್ತಾ ಬಂದು, ನನ್ನ ಬಿ.ಪಿ. ಏರಿಸಿ, "ಡಾಂಕೆ" ಅಂತ ಜರ್ಮನ್‌ನಲ್ಲಿ ಥ್ಯಾಂಕ್ಸ್ ಹೇಳಿ ನಗುನಗುತ್ತಾ ಹೋಗುತ್ತಾರೆ.

ನಾನು ಸ್ಟುಟ್‌ಗಾರ್ಟಿನ ಒಂದು ಔಷಧದ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಇಲ್ಲಿಯವರ ಬಾಯಲ್ಲಿ ಅದು ಆಪೊಥೇಕೆ. ಮೈಸೂರಿನಲ್ಲಿ ಬಿ.ಫಾರ್ಮ್ ಓದಿದವಳು, ಗದಗಿನವರ ಮನೆ ಸೊಸೆಯಾಗಿ, ಗಂಡನ ಕಾರು ಬಿಡಿಭಾಗದ ಕಂಪನಿ ಕರೆದಲ್ಲಿಗೆ ಪೆಟ್ಟಿಗೆ ಕಟ್ಟಿಕೊಂಡು ಬಂದೆ. ನಮ್ಮ ಅಂಗಡಿ ಇರುವುದು ಏರು ರಸ್ತೆಯ ತುದಿಯಲ್ಲಿ, ಟ್ರಾಮ್ ಸ್ಟಾಪಿನ ಎದುರಿಗೆ. ಒಡತಿ ಅರವತ್ತು ದಾಟಿದ ಜರ್ಮನ್ ಮಹಿಳೆ. ಯಜಮಾನಿಗೆ ಇಲ್ಲಿ ಷೆಫಿನ್ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ನಾನು ಹೇಳಹೊರಟಿರುವ ಆ ವಸಂತದಲ್ಲಿ ನನ್ನ ಹತ್ತಿರ ಇದ್ದದ್ದು ತಾತ್ಕಾಲಿಕ ಪರವಾನಗಿ. ಮೇ ಕೊನೆಯಲ್ಲಿ ಮೂವರು ಪರೀಕ್ಷಕರ ಮುಂದೆ ಕೂತು ಜರ್ಮನ್‌ನಲ್ಲಿ ಮೌಖಿಕ ಪರೀಕ್ಷೆ ಕೊಟ್ಟು ಗೆದ್ದರೆ ನಾನು ಪೂರ್ತಿ ಫಾರ್ಮಸಿಸ್ಟ್. ಸೋತರೆ, ಮೈಸೂರಿನ ನಾಲ್ಕು ವರ್ಷದ ಓದು ಮನೆಯ ಗೋಡೆಗೆ ಹಾಕಿಕೊಳ್ಳುವ ಫೋಟೋ.

ಐದು ವಾರದ ನೆಗಡಿ

ಏಪ್ರಿಲ್ ಕೊನೆಯ ವಾರ. ನಾನು ಫೋನಿನಲ್ಲಿ ನಮ್ಮನೆಯವರನ್ನು ಗದರಿಸುತ್ತಿದ್ದೆ. ಗದರಿಸಿ ಮುಗಿಸಿ ತಲೆ ಎತ್ತಿದರೆ ಎದುರಿಗೆ ಇಪ್ಪತ್ತೆಂಟರ ಆಸುಪಾಸಿನ ಒಬ್ಬ ಸಾಫ್ಟ್‌ವೇರ್ ಯುವಕ. ಮೂಗು ಟೊಮೆಟೊ ಹಣ್ಣಾಗಿತ್ತು.

"ಮೇಡಂ, ಕನ್ನಡದವರಾ ನೀವು! ಅಬ್ಬಾ, ಬದುಕ್ಕೊಂಡೆ. ಹಂಗಾದ್ರೆ ಒಂದು ಆಂಟಿಬಯಾಟಿಕ್ ಕೋರ್ಸ್ ಕೊಟ್ಬಿಡಿ."

ಕನ್ನಡ ಬಂದರೆ ಡಾಕ್ಟರ ಚೀಟಿ ಬೇಡ ಅಂತ ಯಾವ ಕಾನೂನಿನಲ್ಲಿದೆಯೋ ನನಗೆ ಗೊತ್ತಿಲ್ಲ. ಸಿಟ್ಟು ನುಂಗಿಕೊಂಡು ಕೇಳಿದೆ, "ಏನಾಗಿದೆ?"

"ನೆಗಡಿ ಮೇಡಂ. ಐದು ವಾರ ಆಯ್ತು."

"ಜ್ವರ ಇದೆಯಾ?"

"ಇಲ್ಲ."

"ಕಣ್ಣು ತುರಿಸುತ್ತಾ?"

"ಕಿತ್ತು ಟೇಬಲ್ ಮೇಲಿಟ್ಟು ಕೆಲಸ ಮಾಡೋಣ ಅನ್ಸುತ್ತೆ."

"ಮಳೆ ಬಂದ ದಿನ ಹೇಗಿರುತ್ತೆ?"

ಸ್ವಲ್ಪ ಯೋಚಿಸಿದ. "ಮಳೆ ಬಂದ ದಿನ ಆರಾಮಾಗಿರ್ತೀನಿ. ವಿಚಿತ್ರ ಅಲ್ವಾ ಮೇಡಂ?"

ವಿಚಿತ್ರವೇನೂ ಅಲ್ಲ. ಟ್ರಾಮ್ ಸ್ಟಾಪಿನ ಪಕ್ಕದಲ್ಲಿ ಬಿಳಿ ತೊಗಟೆಯ ಒಂದು ಬರ್ಚ್ ಮರವಿದೆ. ಕಿಟಕಿಯಿಂದಲೇ ತೋರಿಸಿ, "ನಿಮಗಿರೋದು ನೆಗಡಿ ಅಲ್ಲ. ಆ ಮರದ ಪರಾಗಕ್ಕೆ ಅಲರ್ಜಿ" ಅಂದೆ.

ಅವನಿಗೆ ಅವಮಾನವಾಯಿತು. "ಏನ್ ಮೇಡಂ ಹಿಂಗಂತೀರ! ನಾನು ಪೀಣ್ಯದಲ್ಲಿ ಹುಟ್ಟಿ ಬೆಳೆದವನು. ಲಾರಿ ಹೊಗೆ, ಫ್ಯಾಕ್ಟರಿ ಧೂಳು, ಮೆಟ್ರೋ ಕಾಮಗಾರಿ, ಎಲ್ಲಾ ಕುಡಿದು ಅರಗಿಸಿಕೊಂಡಿದೀನಿ. ಒಂದು ಮರ ನನ್ನನ್ನ ಏನ್ ಮಾಡುತ್ತೆ?"

"ಮರ ಏನೂ ಮಾಡ್ತಿಲ್ಲ. ಮಾಡ್ತಿರೋದು ನಿಮ್ಮ ಮೈಯೇ. ಏನೂ ಅಪಾಯ ಇಲ್ಲದ ಪುಡೀನ ಶತ್ರು ಅಂದ್ಕೊಂಡು ಹಿಸ್ಟಮೀನ್ ಅನ್ನೋ ರಾಸಾಯನಿಕ ಸುರಿಯುತ್ತೆ. ಸೀನು, ಮೂಗಲ್ಲಿ ನೀರು, ತುರಿಕೆ, ಎಲ್ಲಾ ಅದರದ್ದೇ ಉಪದ್ವ್ಯಾಪ. ಅದನ್ನ ತಡೆಯೋ ಮಾತ್ರೆ ಕೊಡ್ತೀನಿ. ದಿನಕ್ಕೊಂದು. ಸೀಸನ್ ಮುಗಿಯೋವರೆಗೂ ಬಿಡಬಾರದು."

ಈ ಐದು ವಾರದಲ್ಲಿ ಆಸಾಮಿ, ತನ್ನ ಅಮ್ಮ ವಿಡಿಯೋ ಕಾಲಿನಲ್ಲಿ ಹೇಳಿಕೊಟ್ಟ ಕಷಾಯ ಕುಡಿದಿದ್ದ, ಎರಡು ಸಲ ರಜೆ ಹಾಕಿದ್ದ, ರೂಮ್‌ಮೇಟ್ ಉಳಿಸಿಟ್ಟಿದ್ದ ಯಾವುದೋ ಮಾತ್ರೆ ನುಂಗಿದ್ದ. ಆಫೀಸಿನವರು ಅಂಟೀತೆಂದು ಅವನ ಮೇಜನ್ನು ಕಿಟಕಿ ಪಕ್ಕಕ್ಕೆ ಸರಿಸಿದ್ದರಂತೆ. ಕಿಟಕಿಯಾಚೆ ಏನಿದೆ ಅಂತ ಕೇಳಿದೆ. ಸಾಲಾಗಿ ಬರ್ಚ್ ಮರಗಳು!

ಮಾತ್ರೆ ತೆಗೆದುಕೊಂಡು ಬಾಗಿಲವರೆಗೆ ಹೋದವನು ನಿಂತ. ಹೊರಗಿನ ಮರವನ್ನು ಬುಡದಿಂದ ತುದಿಯವರೆಗೆ ನೋಡಿದ. ಆಮೇಲೆ ತಿರುಗಿ ಬಹಳ ಗಂಭೀರವಾಗಿ ಕೇಳಿದ:

"ಮೇಡಂ, ಇದನ್ನ ಕಡಿಸೋಕೆ ಯಾವ ಆಫೀಸಿಗೆ ಅರ್ಜಿ ಹಾಕ್ಬೇಕು? ಈ ದೇಶದಲ್ಲಿ ಅದಕ್ಕೂ ಒಂದು ಫಾರ್ಮ್ ಇರ್ಬೇಕಲ್ಲ?"

ಪವರ್ ಇಲ್ಲದ ಮಾತ್ರೆ

ನಾಲ್ಕು ದಿನ ಬಿಟ್ಟು ಅದೇ ಯುವಕ ಬಂದ. ಡಬ್ಬಿಯನ್ನು ಕೌಂಟರಿನ ಮೇಲೆ ಟಪ್ಪಂತ ಇಟ್ಟ.

"ಮೇಡಂ, ಇದು ಡೂಪ್ಲಿಕೇಟ್ ಅನ್ಸುತ್ತೆ."

ಜರ್ಮನಿಯಲ್ಲಿ, ನಮ್ಮ ಷೆಫಿನ್ ಅಂಗಡಿಯಲ್ಲಿ, ನನ್ನ ಕೈಯಿಂದ ಡೂಪ್ಲಿಕೇಟ್! ಕಿವಿ ಬಿಸಿಯಾಯಿತು.

"ಸೀನು ನಿಂತಿಲ್ವಾ?"

"ನಿಂತಿದೆ."

"ಕಣ್ಣು ತುರಿಕೆ?"

"ಇಲ್ಲ."

"ಮೂಗು ಸೋರೋದು?"

"ಅದೂ ಇಲ್ಲ."

"ಮತ್ತೆ ಇನ್ನೇನಪ್ಪಾ ಆಗ್ಬೇಕಿತ್ತು?"

"ನಿದ್ದೇನೇ ಬರ್ಲಿಲ್ಲ ಮೇಡಂ! ನಮ್ಮ ಏರಿಯಾ ಡಾಕ್ಟ್ರು ಒಂದು ಚಿಕ್ಕ ಮಾತ್ರೆ ಕೊಡ್ತಿದ್ರು. ನುಂಗಿದ್ರೆ ಇಡೀ ದಿನ ಮಂಕು ಕವೀತಿತ್ತು. ಆಗ ಗೊತ್ತಾಗ್ತಿತ್ತು, ಔಷಧಿ ಒಳಗೆ ಕೆಲಸ ಮಾಡ್ತಿದೆ ಅಂತ. ಇದರಲ್ಲಿ ಪವರ್ರೇ ಇಲ್ಲ."

ನಾನು ಒಂದರಿಂದ ಐದರವರೆಗೆ ಎಣಿಸಿದೆ. ಆಮೇಲೆ ವಿವರಿಸಿದೆ. ಹಿಸ್ಟಮೀನ್‌ಗೆ ಮೂಗಿನಲ್ಲಿ ಕಿತಾಪತಿ ಮಾಡುವುದೊಂದೇ ಕೆಲಸವಲ್ಲ, ಮೆದುಳಿನಲ್ಲಿ ನಮ್ಮನ್ನು ಎಚ್ಚರವಾಗಿ ಇಡುವುದೂ ಅದೇ. ಹಳೆಯ ಕಾಲದ ಮಾತ್ರೆಗಳು ಮೆದುಳಿನೊಳಗೂ ನುಗ್ಗಿ ಅಲ್ಲಿನ ಹಿಸ್ಟಮೀನಿನ ಬಾಯಿಯನ್ನೂ ಮುಚ್ಚಿಸುತ್ತವೆ, ಅದಕ್ಕೇ ಆ ಮಂಪರು. ಈಗಿನವು ಬಹುಮಟ್ಟಿಗೆ ಮೆದುಳಿನ ಬಾಗಿಲ ಹೊರಗೇ ಉಳಿಯುತ್ತವೆ. ಕೆಲವರಿಗೆ ಇವೂ ತೂಕಡಿಕೆ ತರುವುದುಂಟು, ಅದಕ್ಕೇ ಮೊದಲ ದಿನ ಕಾರು ಓಡಿಸುವ ಮುಂಚೆ ನೋಡಿಕೊಳ್ಳಿ ಅನ್ನುತ್ತೇವೆ. ಆದರೆ ನಿದ್ದೆ ಬರುವುದು ಔಷಧದ ಗುಣವಲ್ಲ, ಅದರ ಅಡ್ಡ ಪರಿಣಾಮ.

ಎಲ್ಲವನ್ನೂ ಕೇಳಿಸಿಕೊಂಡ. "ಅಂದ್ರೆ ಇದನ್ನ ನುಂಗಿ ಆಫೀಸಿಗೆ ಹೋಗಬಹುದು?"

"ಧಾರಾಳವಾಗಿ."

"ಪೂರ್ತಿ ಎಚ್ಚರವಾಗಿ ಕೂತಿರ್ತೀನಿ?"

"ಕೂತಿರ್ತೀರ."

ಮುಖ ಬಾಡಿ ಹೋಯಿತು. ಕೌಂಟರಿನ ಮೇಲೆ ಬಾಗಿ ಪಿಸುಗುಟ್ಟಿದ, "ಹಳೇದೇ ಇದ್ರೆ ಕೊಡಿ ಮೇಡಂ. ಸೋಮವಾರ ಮೂರು ಗಂಟೆ ಮೀಟಿಂಗ್ ಇದೆ."

ಬಸ್ಸಿನ ಸೀಟು

ನಮ್ಮವರನ್ನಷ್ಟೇ ಬೈದರೆ ಪಕ್ಷಪಾತವಾಗುತ್ತದೆ. ನಿವೃತ್ತ ಜರ್ಮನ್ ಮೇಷ್ಟ್ರೊಬ್ಬರು ನಮ್ಮ ಖಾಯಂ ಗಿರಾಕಿ. ದಿನಾ ಬೆಳಿಗ್ಗೆ ನಾಯಿ ಕರೆದುಕೊಂಡು ಗುಡ್ಡದ ಮೇಲಿನ ಕಾಡಿಗೆ ಹೋಗುತ್ತಾರೆ. ವಾರಕ್ಕೊಮ್ಮೆ ಅಂಗಡಿಗೆ ಬಂದು, "ನೀವು ಕೊಟ್ಟ ಮಾತ್ರೆ ಕೆಲಸ ಮಾಡುವುದಿಲ್ಲ" ಎಂದು ವರದಿ ಒಪ್ಪಿಸುತ್ತಾರೆ.

"ಯಾವಾಗ ತೆಗೆದುಕೊಳ್ಳುತ್ತೀರಿ?"

"ಕಾಡಿನಿಂದ ಬಂದ ಮೇಲೆ. ಸೀನು ಶುರುವಾಗಿ, ಕಣ್ಣು ಊದಿಕೊಂಡ ಮೇಲೆ."

"ಹೋಗುವ ಮುಂಚೆ ಯಾಕೆ ತೆಗೆದುಕೊಳ್ಳುವುದಿಲ್ಲ?"

"ಆಗ ನನಗೆ ಏನೂ ಆಗಿರುವುದಿಲ್ಲವಲ್ಲ! ಏನೂ ಆಗದಿರುವಾಗ ಔಷಧ ನುಂಗಲು ನನಗೇನು ಹುಚ್ಚೇ?"

ನನ್ನ ಹರಕು ಜರ್ಮನ್‌ನಲ್ಲಿ ಮೂರು ವಾರ ಪ್ರಯತ್ನಪಟ್ಟೆ. ಬೀಗ ಅಂದೆ, ಕೀಲಿ ಅಂದೆ, ಕೀಲಿಯ ತೂತಿಗೆ ಮೊದಲೇ ಮೇಣ ತುಂಬುವುದು ಅಂದೆ. ಮೇಷ್ಟ್ರು ನನ್ನ ವ್ಯಾಕರಣ ತಿದ್ದಿದರು, ಮಾತ್ರೆ ನುಂಗುವ ಹೊತ್ತನ್ನು ಮಾತ್ರ ತಿದ್ದಿಕೊಳ್ಳಲಿಲ್ಲ. ನಾಲ್ಕನೇ ವಾರ ನನಗೆ ರೇಗಿ ಹೋಯಿತು.

"ನೋಡಿ, ನಮ್ಮೂರಿನಲ್ಲಿ ಹಬ್ಬದ ಹಿಂದಿನ ದಿನ ಬಸ್ ಸ್ಟ್ಯಾಂಡಿಗೆ ಬಸ್ಸು ಬರುತ್ತದೆ. ಜನ ಬಾಗಿಲಿನಲ್ಲಿ ನೂಕಾಡುವಷ್ಟರಲ್ಲಿ ಒಬ್ಬ ಬುದ್ಧಿವಂತ ಹೊರಗಿನಿಂದಲೇ ಕಿಟಕಿಯೊಳಗೆ ಟವೆಲ್ ಎಸೆಯುತ್ತಾನೆ. ಸೀಟು ಅವನದು. ಆಮೇಲೆ ಯಾರು ಬಂದರೂ ಕೂರುವ ಹಾಗಿಲ್ಲ. ಹಿಸ್ಟಮೀನ್ ಅಂದರೆ ಆ ನೂಕಾಡುವ ಜನ. ಮೂಗಿನಲ್ಲಿರುವವು ಸೀಟುಗಳು. ನಿಮ್ಮ ಮಾತ್ರೆ ಟವೆಲ್. ಎಲ್ಲರೂ ಹತ್ತಿ ಕೂತ ಮೇಲೆ ಟವೆಲ್ ಎಸೆದರೆ ಯಾರು ಎದ್ದು ಜಾಗ ಬಿಡುತ್ತಾರೆ?"

ನಿಧಾನವಾಗಿ ಮೇಷ್ಟ್ರ ಮುಖ ಬೆಳಗಿತು.

"ಆಹ್! ಮಯೋರ್ಕಾ!"

ಮಯೋರ್ಕಾ ಅಂದರೆ ಜರ್ಮನ್ನರು ಬೇಸಿಗೆ ಕಳೆಯಲು ಹೋಗುವ ದ್ವೀಪ. ಅಲ್ಲಿನ ಹೋಟೆಲುಗಳಲ್ಲಿ ಈಜುಕೊಳದ ಪಕ್ಕದ ಕುರ್ಚಿ ಸಿಗಬೇಕಾದರೆ ತಿಂಡಿಗೂ ಮುಂಚೆ ಹೋಗಿ ಟವೆಲ್ ಹಾಸಿ ಬರಬೇಕಂತೆ. "ನಾನು ಆರು ಗಂಟೆಗೇ ಹಾಸುತ್ತೇನೆ. ಮೂವತ್ತು ವರ್ಷದಲ್ಲಿ ಒಂದು ದಿನವೂ ಕುರ್ಚಿ ತಪ್ಪಿಲ್ಲ" ಎಂದರು ಎದೆಯುಬ್ಬಿಸಿ. ಅವತ್ತಿನಿಂದ ಮಾತ್ರೆಯೂ ಆರು ಗಂಟೆಗೇ.

ಮುಂದಿನ ವಾರ ನನಗೆ ರಜೆಯಿದ್ದ ದಿನ ಮೇಷ್ಟ್ರು ಇಬ್ಬರು ಗೆಳೆಯರನ್ನು ಕರೆತಂದು ಷೆಫಿನ್ ಹತ್ತಿರ "ಟವೆಲ್ ಮಾತ್ರೆ" ಕೇಳಿದರಂತೆ. ಮರುದಿನ ನಾನು ನಡೆದದ್ದನ್ನು ವಿವರಿಸಿದಾಗ ಷೆಫಿನ್ ಹಣೆ ಹಿಡಿದುಕೊಂಡರು. ಪಾಪ, ಕಂಪ್ಯೂಟರಿನಲ್ಲಿ ಐದು ನಿಮಿಷ ಹುಡುಕಿ, ದಿನಕ್ಕೆ ಹತ್ತು ಔಷಧಗಳಿಗೆ ಹೇಳುವುದನ್ನೇ ಅದಕ್ಕೂ ಹೇಳಿ ಕಳಿಸಿದ್ದರು:

"ಕಂಪನಿಯಿಂದಲೇ ಸಪ್ಲೈ ಇಲ್ಲ."

ಎಲ್ಲಾ ಸೊನ್ನೆ

ನಮ್ಮನೆಯವರ ಕಂಪನಿಯಲ್ಲಿ ವಿಜಯಪುರದ ಒಬ್ಬ ಎಂಜಿನಿಯರ್ ಇದ್ದಾರೆ. ನನ್ನನ್ನು ವೈನಿ ಅನ್ನುತ್ತಾರೆ, ಅಂದರೆ ಅತ್ತಿಗೆ. ನಾಲ್ಕು ತಿಂಗಳು ಕಾದು ಅವರಿಗೆ ಅಲರ್ಜಿ ಡಾಕ್ಟರ ಟೆರ್ಮಿನ್ ಸಿಕ್ಕಿತ್ತು. ಟೆರ್ಮಿನ್ ಅಂದರೆ ಅಪಾಯಿಂಟ್‌ಮೆಂಟ್. ಈ ದೇಶದಲ್ಲಿ ಅದು ಸಿಗುವಷ್ಟರಲ್ಲಿ ಅರ್ಧ ಕಾಯಿಲೆ ತಾನಾಗಿ ವಾಸಿಯಾಗಿರುತ್ತದೆ. ಚರ್ಮಕ್ಕೆ ಚುಚ್ಚಿ ನೋಡುವ ಅಲರ್ಜಿ ಪರೀಕ್ಷೆಯ ಸಂಜೆ ಪೇಡೆ ಡಬ್ಬಿ ಹಿಡಿದು ನಮ್ಮ ಮನೆಗೆ ಬಂದರು.

"ವೈನಿ, ಬಾಯಿ ಸಿಹಿ ಮಾಡ್ರಿ. ನನಗ ಯಾವ ಅಲರ್ಜೀನೂ ಇಲ್ಲಂತ!"

ಅಂದವರೇ ಒಂದರ ಹಿಂದೊಂದು ಏಳು ಸಲ ಸೀನಿದರು. ನಾನು ಕಾಗದ ಇಸಿದುಕೊಂಡೆ. ಬರ್ಚ್ ಸೊನ್ನೆ, ಹುಲ್ಲು ಸೊನ್ನೆ, ಧೂಳಿನ ಹುಳ ಸೊನ್ನೆ. ಕೊನೆಗೆ, ಪರೀಕ್ಷೆ ಸರಿಯಾಗಿ ನಡೆದಿದೆಯೋ ಇಲ್ಲವೋ ನೋಡಲು ಬರೀ ಹಿಸ್ಟಮೀನನ್ನೇ ಒಂದು ಹನಿ ಹಾಕಿ ಚುಚ್ಚುತ್ತಾರೆ, ಅದಕ್ಕೆ ಯಾರ ಚರ್ಮವಾದರೂ ಊದಿಕೊಳ್ಳಲೇಬೇಕು. ಇವರದು ಅಲ್ಲೂ ಸೊನ್ನೆ!

"ಬೆಳಿಗ್ಗೆ ಅಲರ್ಜಿ ಮಾತ್ರೆ ತಗೊಂಡಿದ್ರಾ?"

"ತಗೋಳಾರದ ಇರತೀನೇನ್ರಿ? ಹಿಂದಿನ ದಿನಾನೂ ತಗೊಂಡಿದ್ದೆ. ಅಷ್ಟು ದೊಡ್ಡ ಡಾಕ್ಟರ್ ಮುಂದ ಮೂಗು ಸೋರಿಸಿಕೋತ ಕುಂತ್ರ ಚಂದ ಕಾಣ್ತದೇನು?"

"ಟೆಸ್ಟಿಗೆ ಕೆಲವು ದಿನ ಮುಂಚೆನೇ ಮಾತ್ರೆ ನಿಲ್ಲಿಸಿ ಅಂತ ಪತ್ರದಲ್ಲಿ ಬರೆದಿರ್ತಾರಲ್ಲ!"

"ನಾಲ್ಕು ಪುಟದ ಜರ್ಮನ್ ಪತ್ರ ಯಾರು ಓದ್ತಾರ್ರಿ ವೈನಿ?"

"ಡಾಕ್ಟರ್ ಬಾಯಿಬಿಟ್ಟು ಕೇಳಲೇ ಇಲ್ವಾ?"

"ಕೇಳಿದ್ರು. ಔಷಧ ಏನರ ತಗೋತೀರೇನು ಅಂತ. ಇಲ್ಲ ಅಂದೆ. ಇದೇನು ಔಷಧೇನ್ರಿ? ಅಲರ್ಜಿ ಗುಳಿಗಿ!"

ಕಾಗದದ ಅಡಿಯಲ್ಲಿ ಎರಡು ಸಾಲು ಜರ್ಮನ್ ಇತ್ತು. ಅವರು ಸೊನ್ನೆಗಳನ್ನಷ್ಟೇ ನೋಡಿ ಪೇಡೆ ಕೊಂಡಿದ್ದರು. ನಾನು ಓದಿ ಹೇಳಿದೆ: ಈ ಫಲಿತಾಂಶ ನಂಬುವ ಹಾಗಿಲ್ಲ, ಮತ್ತೊಮ್ಮೆ ಮಾಡಬೇಕು, ಮುಂದಿನ ಟೆರ್ಮಿನ್ ನವೆಂಬರ್‌ನಲ್ಲಿ. ಮಾತ್ರೆ ಚರ್ಮದೊಳಗಿನ ಹಿಸ್ಟಮೀನಿನ ಆಟವನ್ನೂ ನಿಲ್ಲಿಸಿಬಿಟ್ಟಿತ್ತು. ಅಂದರೆ ಮಾತ್ರೆ ಚೆನ್ನಾಗಿ ಕೆಲಸ ಮಾಡಿತ್ತು, ಮನುಷ್ಯ ಮಾಡಿರಲಿಲ್ಲ.

ಎಂಜಿನಿಯರ್ ಸಾಹೇಬರು ಕಂಗಾಲಾದರು. "ನವೆಂಬರ್‌ನ್ಯಾಗ? ಅವಾಗ ನನಗ ಸೀನು ಇರಂಗಿಲ್ರಿ ವೈನಿ! ಸೀನಿಲ್ಲದ ಹೋದ್ರ ಡಾಕ್ಟರ್ ನಾ ಹೇಳಿದ್ದು ಸುಳ್ಳು ಅಂತ ತಿಳಕೊಳ್ಳಂಗಿಲ್ಲೇನು?"

ಕೆಮಿಕಲ್ ಬೇಡ

ಯೋಗದ ಚಾಪೆ ಹೆಗಲಿಗೇರಿಸಿಕೊಂಡ ಒಬ್ಬ ಜರ್ಮನ್ ಮಹಿಳೆ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ನನ್ನನ್ನು ನೋಡಿ ಕೈ ಮುಗಿದರು.

"ಭಾರತದವರಾ! ಎಷ್ಟು ಚೆಂದ. ನನಗೆ ಕೆಮಿಕಲ್ ಬೇಡ. ನಿಮ್ಮ ಅಜ್ಜಿ ಏನು ಕೊಡುತ್ತಿದ್ದರೋ ಅದನ್ನೇ ಕೊಡಿ."

ನಮ್ಮ ಅಜ್ಜಿ ಡಾಕ್ಟರ ಇಂಜೆಕ್ಷನ್ ಬಿಟ್ಟು ಬೇರೇನನ್ನೂ ನಂಬುತ್ತಿರಲಿಲ್ಲ. ಮಾತ್ರೆ ಬರೆದುಕೊಟ್ಟರೆ "ಚುಚ್ಚದ ಡಾಕ್ಟ್ರು ಎಂಥ ಡಾಕ್ಟ್ರು" ಅಂತ ಬೇರೆ ಕ್ಲಿನಿಕ್ಕಿಗೆ ಹೋಗುತ್ತಿದ್ದರು. ಅದನ್ನು ಹೇಳಿದರೆ ಈ ಹೆಂಗಸು ನಂಬುವ ಹಾಗೆ ಕಾಣಲಿಲ್ಲ. ನಾನು ನಾಲ್ಕು ವರ್ಷ ಫಾರ್ಮಕಾಲಜಿ ಓದಿದ್ದು, ಎರಡು ವರ್ಷ ಜರ್ಮನ್ ಕಲಿತದ್ದು, ಬಿಳಿ ಕೋಟು ಹಾಕಿ ನಿಂತಿರುವುದು ಯಾವುದೂ ಲೆಕ್ಕಕ್ಕಿಲ್ಲ. ಬೇಕಾದದ್ದು ನನ್ನ ಅಜ್ಜಿ!

"ಇಲ್ಲಿ ಮಾತ್ರೆ ಇದೆ, ಮೂಗಿನ ಸ್ಪ್ರೇ ಇದೆ, ಕಣ್ಣಿಗೆ ಹನಿ ಇದೆ" ಅಂದೆ.

"ಬೇಡ. ಪ್ರಕೃತಿಯಿಂದ ಬಂದದ್ದು ಏನಾದರೂ ಕೊಡಿ."

"ನಿಮ್ಮನ್ನು ಅಳಿಸುತ್ತಿರುವುದೂ ಪ್ರಕೃತಿಯಿಂದ ಬಂದದ್ದೇ."

ನಗು ಮಾಯವಾಯಿತು. "ಅಂಗಡಿ ಯಜಮಾನರನ್ನು ಕರೆಯಿರಿ" ಎಂದರು. ಷೆಫಿನ್ ಬಂದು, ನನ್ನ ಕಡೆ ಒಂದು ನೋಟ ಎಸೆದು, ಮೂಗು ತೊಳೆಯುವ ಉಪ್ಪಿನ ಪೊಟ್ಟಣ ಮುಂದಿಟ್ಟರು. "ಬರೀ ಉಪ್ಪು. ಬೆಚ್ಚಗಿನ ಶುದ್ಧ ನೀರಿಗೆ ಹಾಕಿ ಮೂಗು ತೊಳೆದರೆ ಪರಾಗ ಹೊರಗೆ ಬರುತ್ತದೆ. ಯೋಗದವರೂ ಮಾಡುತ್ತಾರೆ."

ಹೆಂಗಸಿನ ಮುಖ ಅರಳಿತು. ಹೆಮ್ಮೆಯಿಂದ ನನ್ನತ್ತ ನೋಡಿ ಪೊಟ್ಟಣ ತಿರುಗಿಸಿ ಓದಿದರು. ಹಿಂಬದಿಯಲ್ಲಿ ಒಂದೇ ಹೆಸರು: ಸೋಡಿಯಂ ಕ್ಲೋರೈಡ್. ಕೆಂಡ ಮುಟ್ಟಿದ ಹಾಗೆ ಕೆಳಗಿಟ್ಟರು.

"ನೋಡಿದಿರಾ? ಉಪ್ಪಿಗೂ ಕೆಮಿಕಲ್ ಬೆರೆಸಿದ್ದಾರೆ!"

ಒಂದು ಗುಳಿಗಿ

ಅಂಗಡಿಯಲ್ಲಿ ಇಷ್ಟೆಲ್ಲ ಕಟ್ಟುನಿಟ್ಟು ಮಾಡಿದ ನಾನು ಮನೆಯಲ್ಲಿ ಏನಾಗುತ್ತಿದೆ ಅಂತ ನೋಡಲಿಲ್ಲ. ಆ ವರ್ಷ ಗದಗಿನಿಂದ ಅತ್ತೆ ಮೂರು ತಿಂಗಳಿಗೆ ಬಂದಿದ್ದರು. ಬರುವಾಗ ಚಟ್ನಿಪುಡಿ, ರೊಟ್ಟಿ ಜೊತೆ ಒಂದು ಪ್ಲಾಸ್ಟಿಕ್ ಚೀಲದ ತುಂಬ ಗುಳಿಗಿ ತಂದಿದ್ದರು. ನಾವು ಮಾತ್ರೆ ಅನ್ನುವುದಕ್ಕೆ ಅವರ ಕಡೆ ಗುಳಿಗಿ. ಅದರಲ್ಲಿ ಹಳೆಯ ಕಾಲದ, ಆನೆಯನ್ನೂ ಮಲಗಿಸುವ ಅಲರ್ಜಿ ಗುಳಿಗಿಯೂ ಇತ್ತು.

ನಮ್ಮ ಕೆಳಗಿನ ಮನೆಯಲ್ಲಿ ಎಪ್ಪತ್ತರ ಜರ್ಮನ್ ಹೆಂಗಸು, ಜೊತೆಗೆ ಅವರ ಗಂಡ. ಸ್ಟುಟ್‌ಗಾರ್ಟಿನಲ್ಲಿ ಕೇರ್‌ವೋಖೆ ಅಂತ ಒಂದು ಪದ್ಧತಿ ಇದೆ. ಮನೆಮನೆಗೆ ವಾರದ ಸರದಿ, ಸರದಿ ಬಂದವರ ಬಾಗಿಲಿಗೆ ಒಂದು ಹಲಗೆ ತೂಗುಹಾಕಿರುತ್ತಾರೆ, ಅವರು ಶನಿವಾರ ಮೆಟ್ಟಿಲು ಒರೆಸಿ ಅಂಗಳ ಗುಡಿಸಬೇಕು. ಕೆಳಗಿನ ಮನೆಯಾಕೆಗೆ ಇದು ವ್ರತವಿದ್ದ ಹಾಗೆ. ನಾನೊಮ್ಮೆ ಮೂಲೆಯ ಧೂಳು ಬಿಟ್ಟಿದ್ದಕ್ಕೆ ನನ್ನನ್ನು ಕೆಳಗೆ ಕರೆದು ಬೆರಳಿಟ್ಟು ತೋರಿಸಿದವರು.

ಒಂದು ಶನಿವಾರ ಸಂಜೆ ಕೆಲಸ ಮುಗಿಸಿ ಬಂದೆ. ಕೆಳಗಿನ ಬಾಗಿಲಿನಲ್ಲಿ ಹಲಗೆ ತೂಗುತ್ತಿತ್ತು. ಮೆಟ್ಟಿಲ ಮೇಲೆ ಬಕೆಟ್ಟು, ಒದ್ದೆ ಬಟ್ಟೆ. ನಾಲ್ಕು ಮೆಟ್ಟಿಲು ಥಳಥಳ, ಉಳಿದವು ಹಾಗೇ. ಎರಡೆರಡು ಮೆಟ್ಟಿಲು ಹಾರಿ ಮೇಲೆ ಓಡಿದೆ.

"ಅತ್ತೆ, ಕೆಳಗಿನ ಮನೆಯವರಿಗೆ ಏನಾಯ್ತು?"

"ಏನಾಗಬೇಕವಾ? ಪಾಪ, ಮೆಟ್ಟಲಾ ಒರಸಕೋತ ಸೀನಾಕ ಹತ್ತಿದ್ಲು. ಕಣ್ಣು, ಮೂಗು ಕೆಂಪಗ ಆಗಿದ್ದವು. ನೋಡಾಕ ಆಗಲಿಲ್ಲ. ಒಂದು ಗುಳಿಗಿ ಕೊಟ್ಟೆ."

"ಯಾವುದು?"

ಅತ್ತೆ ತೋರಿಸಿದರು. ಅದೇ!

"ಅತ್ತೆ! ಅವರಿಗೆ ಎಪ್ಪತ್ತು ವರ್ಷ. ಬೇರೆ ಯಾವ ಮಾತ್ರೆ ತಗೊಳ್ತಾರೋ ಏನೋ. ಮೆಟ್ಟಿಲ ಮೇಲೆ ತಲೆ ತಿರುಗಿ ಬಿದ್ದಿದ್ರೆ? ನಾನು ಔಷಧಿ ಅಂಗಡೀಲಿ ಕೆಲಸ ಮಾಡೋಳು, ನಮ್ಮನೆಯಿಂದಲೇ ಇಂಥದ್ದು ಹೋಯ್ತು ಅಂದ್ರೆ ನನ್ನ ಪರವಾನಗಿ ಏನಾಗ್ಬೇಕು?"

"ಅಷ್ಟ್ಯಾಕ ಒದರತಿ? ನಾನೂ ಅದನ್ನ ತಗೋತೀನಿ, ನನಗೇನಾಗೇತಿ?"

"ನೀವು ದಿನಕ್ಕೆ ಮೂರು ಸಲ ಮಲಗ್ತೀರಲ್ಲ, ಅದೇ ಆಗಿರೋದು!"

ಕೆಳಗೆ ಓಡಿದೆ. ಅವರ ಗಂಡ ಬಾಗಿಲು ತೆಗೆದು, ತುಟಿ ಮೇಲೆ ಬೆರಳಿಟ್ಟುಕೊಂಡು, "ಮಲಗಿದ್ದಾಳೆ" ಅಂದರು. ನಾನು ಒಳಗೆ ಹೋಗಿ ನೋಡಲೇಬೇಕೆಂದು ಹಟ ಮಾಡಿದೆ. ಸೋಫಾದ ಮೇಲೆ ಹಾಯಾಗಿ ಮಲಗಿದ್ದರು. ಭುಜ ಅಲುಗಿಸಿದೆ, ಕಣ್ಣು ತೆರೆದು ನನ್ನ ಹೆಸರು ಸರಿಯಾಗಿ ಹೇಳಿದರು. ಬೇರೆ ಔಷಧವೇನೂ ಇಲ್ಲ ಅಂತ ಗಂಡ ಹೇಳಿದ ಮೇಲೆ ನನ್ನ ಉಸಿರು ವಾಪಸು ಬಂತು. ಒಬ್ಬರನ್ನೇ ಎದ್ದು ಓಡಾಡಲು ಬಿಡಬೇಡಿ ಅಂತ ಹೇಳಿ ಬಂದು, ಅತ್ತೆಯ ಚೀಲವನ್ನು ಬೀಗ ಹಾಕಿ ಇಟ್ಟೆ. ಅತ್ತೆ ಎರಡು ದಿನ ಮಾತು ಬಿಟ್ಟರು.

ಭಾನುವಾರ ಮಧ್ಯಾಹ್ನ ಕರೆಗಂಟೆ ಸದ್ದಾಯಿತು. ಕೆಳಗಿನ ಮನೆಯಾಕೆ. ಭಾನುವಾರ ಇಲ್ಲಿ ಸದ್ದು ಮಾಡುವ ಹಾಗಿಲ್ಲ, ಗುಡಿಸುವ ಹಾಗೂ ಇಲ್ಲ. ಅಂದರೆ ಅವರ ಜೀವನದಲ್ಲೇ ಮೊದಲ ಸಲ ಕೇರ್‌ವೋಖೆ ತಪ್ಪಿಹೋಗಿತ್ತು. ನಾನು ಕ್ಷಮೆ ಕೇಳಲು ಮನಸ್ಸಿನಲ್ಲೇ ಜರ್ಮನ್ ವಾಕ್ಯ ಜೋಡಿಸಿಕೊಂಡೆ. ಅವರು ನನ್ನನ್ನು ದಾಟಿ ಅತ್ತೆಯ ಕಡೆ ನೋಡಿದರು.

"ಇಷ್ಟು ಒಳ್ಳೆಯ ನಿದ್ದೆ ನನಗೆ ಬಂದದ್ದು ನನ್ನ ಗಂಡ ನಿವೃತ್ತನಾಗುವ ಮುಂಚೆ" ಅಂದರು. "ನಿಮ್ಮ ಅತ್ತೆಯನ್ನು ಕೇಳಿ, ಅವನಿಗೂ ಒಂದು ಕೊಡುತ್ತಾರಾ?"

ತೋಟಗಾರ

ಮೇ ಕೊನೆಯ ವಾರ ಪರೀಕ್ಷೆ. ಹುಲ್ಲು ಹೂ ಬಿಡುವ ಕಾಲ, ಊರಿಗೆ ಊರೇ ಸೀನುತ್ತಿತ್ತು. ಮೇಜಿನಾಚೆ ಮೂವರು. ನಡುವೆ ಬೂದು ಕೂದಲಿನ ಅಧ್ಯಕ್ಷೆ, ಎಡಕ್ಕೆ ಕಾನೂನು ಕೇಳುವವರು, ಬಲಕ್ಕೆ ಔಷಧಶಾಸ್ತ್ರ ಕೇಳುವ ಎತ್ತರದ ಒಬ್ಬ ಮಹಾಶಯರು. ಕಾನೂನು ದಾಟಿದೆ. ಲೆಕ್ಕ ದಾಟಿದೆ. ಕೊನೆಯದು ಗಿರಾಕಿಗೆ ಸಲಹೆ ಕೊಡುವ ಅಭ್ಯಾಸ. ಎತ್ತರದವರು ಗಿರಾಕಿ, ನಾನು ಫಾರ್ಮಸಿಸ್ಟ್.

ಅವರು ಕಾಗದ ನೋಡಿ ಓದಿದರು, "ನಮಸ್ಕಾರ. ನಾನು ತೋಟಗಾರ. ವಯಸ್ಸು ಮೂವತ್ತೈದು. ನನಗೆ ಸೀನು ಬರುತ್ತಿದೆ." ಓದಿ, ಸೀನಿದರು.

ಎಂಥ ನಟನೆ ಅಂದುಕೊಂಡೆ. ಮತ್ತೆ ಸೀನಿದರು. ಕಣ್ಣು ಕೆಂಪಗಿತ್ತು, ಕರವಸ್ತ್ರ ಒದ್ದೆಯಾಗಿತ್ತು. ನಟನೆ ಅಲ್ಲವೇ ಅಲ್ಲ.

ಕೇಳಬೇಕಾದದ್ದನ್ನೆಲ್ಲ ಕ್ರಮವಾಗಿ ಕೇಳಿದೆ. ಎಷ್ಟು ದಿನದಿಂದ? ಉಸಿರಾಟದ ತೊಂದರೆ ಇದೆಯಾ? ಬೇರೆ ಕಾಯಿಲೆ? ಎಲ್ಲದಕ್ಕೂ ಕಾಗದ ನೋಡಿ ಉತ್ತರಿಸಿದರು. ಆಮೇಲೆ ಕೇಳಿದೆ, "ಇದಕ್ಕೆ ಈಗಾಗಲೇ ಏನಾದರೂ ತೆಗೆದುಕೊಳ್ಳುತ್ತಿದ್ದೀರಾ?"

ಅವರು ಕಾಗದ ಕೆಳಗಿಟ್ಟರು. "ನಿಜ ಹೇಳಬೇಕೆಂದರೆ, ತೆಗೆದುಕೊಳ್ಳುತ್ತಿದ್ದೇನೆ." ಮಾತ್ರೆಯ ಹೆಸರನ್ನೂ ಹೇಳಿದರು. "ಸ್ವಲ್ಪವೂ ಕೆಲಸ ಮಾಡುತ್ತಿಲ್ಲ."

ಅಧ್ಯಕ್ಷೆ ಹುಬ್ಬೇರಿಸಿದರು. ಇದು ಕಾಗದದಲ್ಲಿ ಇರಲಿಲ್ಲವೆಂದು ನನಗೂ ಗೊತ್ತಾಯಿತು.

"ಯಾವಾಗ ತೆಗೆದುಕೊಳ್ಳುತ್ತೀರಿ?"

"ಸೀನು ಜಾಸ್ತಿಯಾದ ಮೇಲೆ."

"ದಿನಾ?"

"ನೆನಪಾದ ದಿನ."

"ಯಾವುದರ ಜೊತೆ ನುಂಗುತ್ತೀರಿ?"

"ಸೇಬಿನ ಜ್ಯೂಸಿನ ಜೊತೆ. ಬರೀ ನೀರು ನನಗೆ ಸೇರುವುದಿಲ್ಲ."

ಅಲ್ಲಿಗೆ ಮುಗಿಯಿತು. ಮಾರ್ಚ್‌ನಿಂದ ಒಳಗೆ ಕೂಡಿಟ್ಟದ್ದೆಲ್ಲ ಒಟ್ಟಿಗೆ ಹೊರಬಂತು. ಬಾಯಿಂದ ಮೊದಲು ಹೊರಟದ್ದು ಅಚ್ಚ ಕನ್ನಡ: "ಅಯ್ಯೋ ರಾಮಾ, ಓದಿದವರು ಮಾಡೋ ಕೆಲಸವೇನ್ರೀ ಇದು!" ಆಮೇಲೆ ಜರ್ಮನ್ ಹಿಂಬಾಲಿಸಿತು. "ಈ ಮಾತ್ರೆಯನ್ನು ಹಣ್ಣಿನ ರಸದ ಜೊತೆ ನುಂಗಿದರೆ ಹೊಟ್ಟೆಯಿಂದ ರಕ್ತಕ್ಕೆ ಸರಿಯಾಗಿ ಸೇರುವುದೇ ಇಲ್ಲ! ನೀರು! ಬರೀ ನೀರು! ಹಿಸ್ಟಮೀನ್ ಬಂದು ಕೂರುವ ಮುಂಚೆ ಮಾತ್ರೆ ಅಲ್ಲಿರಬೇಕು! ನೆನಪಾದ ದಿನ ಅಲ್ಲ, ಸೀಸನ್ ಮುಗಿಯುವವರೆಗೆ ದಿನಾ! ಸೀನಿದ ಮೇಲೆ ನುಂಗುತ್ತೀರಿ, ಜ್ಯೂಸಿನಲ್ಲಿ ನುಂಗುತ್ತೀರಿ, ಆಮೇಲೆ ಅಂಗಡಿಗೆ ಬಂದು ಔಷಧ ಸರಿಯಿಲ್ಲ ಅಂತ ನನಗೆ ಹೇಳುತ್ತೀರಿ! ತೋಟಗಾರ ಹೀಗೆ ಮಾಡಿದರೆ ಕ್ಷಮಿಸಬಹುದು. ನೀವು?"

ಕಾನೂನಿನವರು ಬರೆಯುವುದನ್ನು ನಿಲ್ಲಿಸಿದ್ದರು. ನಾನು ಎದ್ದು ನಿಂತಿದ್ದೇನೆ, ನನ್ನ ಬೆರಳು ಪರೀಕ್ಷಕರ ಮೂಗಿನ ಕಡೆಗಿದೆ ಅಂತ ಆಗ ಗೊತ್ತಾಯಿತು. ಕೂತೆ. ಕ್ಷಮೆ ಕೇಳಿದೆ. "ದಯವಿಟ್ಟು ಹೊರಗೆ ಕಾಯಿರಿ" ಅಂದರು ಅಧ್ಯಕ್ಷೆ.

ಹೊರಗೆ ಕಾರಿಡಾರಿನ ಬೆಂಚಿನ ಮೇಲೆ ಇಪ್ಪತ್ತು ನಿಮಿಷ ಕೂತೆ. ಬೇರೆ ಯಾರ ಮೇಲೂ ಅಲ್ಲ, ನನ್ನ ಬಾಯಿ ಮೇಲೆ ಸಿಟ್ಟು ಬಂತು. ಎರಡು ವರ್ಷದ ಜರ್ಮನ್ ಪಾಠ, ಮನೆಗೆಲಸ ಮುಗಿಸಿ ಓದಿದ್ದು, ನನ್ನ ಪುಸ್ತಕ ಮುಂದಿಟ್ಟುಕೊಂಡು ನಮ್ಮನೆಯವರು ಪ್ರಶ್ನೆ ಕೇಳಿದ್ದು, ಎಲ್ಲವನ್ನೂ ಒಂದು ಲೋಟ ಸೇಬಿನ ಜ್ಯೂಸಿಗಾಗಿ ಕಳೆದುಕೊಂಡೆ ಅಂತ ಕಣ್ಣು ತುಂಬಿತು. ಆ ದಾರಿಯಲ್ಲಿ ಹೋಗುತ್ತಿದ್ದ ಯಾರೋ ನೋಡಿ, "ನಿಮಗೂ ಹುಲ್ಲಿನ ಅಲರ್ಜಿಯಾ?" ಅಂತ ಕೇಳಿ ಟಿಶ್ಯೂ ಕೊಟ್ಟು ಹೋದರು.

ಒಳಗೆ ಕರೆದರು. ಎತ್ತರದ ಮಹಾಶಯರು ತಲೆ ತಗ್ಗಿಸಿ ಕೂತಿದ್ದರು. ಅವರ ಮುಂದೆ ಒಂದು ಲೋಟ ಬರೀ ನೀರು. ಅಧ್ಯಕ್ಷೆ ಕನ್ನಡಕ ಸರಿಮಾಡಿಕೊಂಡು, ತೀರ್ಪು ಓದುವ ಧ್ವನಿಯಲ್ಲಿ ಓದಿದರು:

"ಮಂಡಳಿ ಚರ್ಚಿಸಿ ಒಮ್ಮತದಿಂದ ತೀರ್ಮಾನಿಸಿದೆ. ಅಭ್ಯರ್ಥಿ ಪಾಸು."

ಕಾಗದ ಮಡಚಿ, ಎತ್ತರದವರ ಕಡೆ ತಿರುಗಿ, ಮುಖದಲ್ಲಿ ಒಂದು ಗೆರೆಯೂ ಅಲುಗದ ಹಾಗೆ ಅಂದರು:

"ರೋಗಿ ಫೇಲು. ಮುಂದಿನ ವಸಂತದಲ್ಲಿ ಮತ್ತೆ ಕೂರಬೇಕು."